ಲೆಕ್ಕಕ್ಕೆ ಬಾರದ ಗೀಳು

ಮಗನಿಗೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳುವ, ಬುಡವಿಲ್ಲದ ಅನುಮಾನ ಕಾಡುವ ಮನೋರೋಗ) ಇದೆ ಎಂದು ವರ್ಷಗಟ್ಟಲೆ ಮಾತ್ರೆ ಕೊಡಿಸಿದ ಮನೆಯವರಿಗೆ ಒಂದು ದಿನ ವೈದ್ಯರು ‘ಗೀಳು ಕಾಯಿಲೆಯೂ (ಒಸಿಡಿ) ಇದೆ’ ಎನ್ನುತ್ತಾರೆ. ಇದು ಮೊದಲೇ ಇದ್ದದ್ದೇ, ಹೊಸದಾಗಿ ಬಂದದ್ದೇ, ಮಾತ್ರೆಯಿಂದಲೇ ಹುಟ್ಟಿದ್ದೇ? ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಮನೆಯವರು ಕೇಳುವುದು ಇದನ್ನೇ. ಒಬ್ಬೊಬ್ಬರ ವಿಷಯದಲ್ಲಿ ಒಂದೊಂದು ಉತ್ತರ ನಿಜವಾಗಿರುವುದರಿಂದಲೇ ವಿಷಯ ಇಷ್ಟು ಸಿಕ್ಕಾಗಿದೆ.

ಗೀಳನ್ನು, ಎಂದರೆ ಬೇಡವೆಂದರೂ ನುಗ್ಗಿ ಬರುವ ಯೋಚನೆಯನ್ನು, ಅದು ಅರ್ಥಹೀನವೆಂದು ರೋಗಿಗೇ ಗೊತ್ತಿರುವ ಯೋಚನೆಯನ್ನು, ಭ್ರಮೆಯಿಂದ ಬೇರ್ಪಡಿಸಿ ತೋರಿಸಿದವರು ಜರ್ಮನಿಯ ಕಾರ್ಲ್ ವೆಸ್ಟ್‌ಫಾಲ್, 1877ರಲ್ಲಿ. 1911ರಲ್ಲಿ ಸ್ಕಿಜೋಫ್ರೇನಿಯಾ ಕುರಿತು ದೊಡ್ಡ ಗ್ರಂಥ ಬರೆದ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್‌ಗೆ ಆ ಗೆರೆ ಅಷ್ಟು ನೇರವಾಗಿ ಕಾಣಲಿಲ್ಲ. ದೀರ್ಘಕಾಲದ ಗೀಳು ರೋಗಿಗಳಲ್ಲಿ ಕೆಲವರು ವಾಸ್ತವದಲ್ಲಿ ಸ್ಕಿಜೋಫ್ರೇನಿಯಾದವರು ಎಂಬುದು ಅವರ ಅನುಮಾನ. ಮನಸ್ಸು ಪೂರ್ತಿ ಒಡೆದುಹೋಗದಂತೆ ಗೀಳೇ ಕಾಯುತ್ತದೆ ಎಂಬ ವಾದವೂ ಬಹುಕಾಲ ನಡೆಯಿತು. 1980ರಲ್ಲಿ ಅಮೆರಿಕದ ಮನೋರೋಗನಿರ್ಣಯ ಕೈಪಿಡಿಯ ಮೂರನೇ ಆವೃತ್ತಿ ಒಂದು ನಿಯಮ ಮಾಡಿತು: ಲಕ್ಷಣಗಳು ಸ್ಕಿಜೋಫ್ರೇನಿಯಾದಿಂದ ಬಂದವು ಎನಿಸಿದರೆ ಗೀಳನ್ನು ಬೇರೆ ಕಾಯಿಲೆಯಾಗಿ ಬರೆಯುವಂತಿಲ್ಲ. 1987ರ ಪರಿಷ್ಕರಣೆ ಅದನ್ನು ಸಡಿಲಿಸಿತು. ಪುಸ್ತಕ ಬದಲಾದಷ್ಟು ಬೇಗ ರೂಢಿ ಬದಲಾಗಲಿಲ್ಲ. ಕಿವಿಯಲ್ಲಿ ಧ್ವನಿ ಕೇಳುತ್ತದೆಯೇ ಎಂದು ವಿಚಾರಿಸಿದಷ್ಟು ಶ್ರದ್ಧೆಯಿಂದ, ಕೈ ಎಷ್ಟು ಸಲ ತೊಳೆಯುತ್ತೀರಿ ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

ಕಣ್ಣು ತೆರೆಸಿದ್ದು ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೀನ್. ಈ ಔಷಧಿಯದ್ದೇ ಒಂದು ದೊಡ್ಡ ಕಥೆ. ಫಿನ್ಲೆಂಡಿನಲ್ಲಿ ಕೆಲವು ರೋಗಿಗಳ ಬಿಳಿರಕ್ತಕಣಗಳು ಅಪಾಯಕಾರಿಯಾಗಿ ಕುಸಿದು ಸಾವುಗಳಾದ ಮೇಲೆ 1975ರಲ್ಲಿ ಅದು ಹಲವೆಡೆ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಬೇರಾವ ಮಾತ್ರೆಗೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಅದು ಫಲ ಕೊಡುತ್ತದೆ ಎಂದು 1988ರ ಅಧ್ಯಯನ ತೋರಿಸಿತು. ಮರುವರ್ಷವೇ ಅಮೆರಿಕದಲ್ಲಿ, ರಕ್ತಪರೀಕ್ಷೆಯ ಕಟ್ಟುನಿಟ್ಟಿನೊಡನೆ, ಒಪ್ಪಿಗೆ ದೊರೆಯಿತು. 1990ರ ದಶಕದ ಆರಂಭದಿಂದಲೇ ವೈದ್ಯರು ಬೇರೊಂದು ಸಂಗತಿ ವರದಿ ಮಾಡತೊಡಗಿದರು: ಧ್ವನಿಗಳು ಅಡಗುತ್ತವೆ, ಅನುಮಾನ ಇಳಿಯುತ್ತದೆ, ಆದರೆ ಹಿಂದೆಂದೂ ಇಲ್ಲದ ಗೀಳು ತಲೆ ಎತ್ತುತ್ತದೆ.

ಚನ್ನಗಿರಿ ಕಡೆಯ ಅಡಿಕೆ ತೋಟದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಾಯಿಲೆ ಜೋರಾಗಿದ್ದಾಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರವೂ ಅವನು ಸುಳಿಯುತ್ತಿರಲಿಲ್ಲ. ಪಕ್ಕದ ತೋಟದವರು ತನ್ನನ್ನು ಕೊಲ್ಲಲು ಅದಕ್ಕೆ ಕರೆಂಟು ಹರಿಸಿದ್ದಾರೆಂದು ನಂಬಿದ್ದ. ಮಾತ್ರೆ ಹಿಡಿಯಿತು, ತೋಟದ ಕೆಲಸಕ್ಕೆ ಮರಳಿದ. ಕೆಲವು ತಿಂಗಳ ಬಳಿಕ ಸ್ಟಾರ್ಟರ್ ಆಫ್ ಮಾಡಿ ಮನೆಗೆ ಬಂದವನು ರಾತ್ರಿ ಮತ್ತೆ ಎದ್ದು ಹೋಗಿ ನೋಡುತ್ತಾನೆ, ಬಂದು ಮಲಗಿ ಮತ್ತೆ ಹೋಗುತ್ತಾನೆ. ಹಳೆಯದೇ ಮರುಕಳಿಸಿತೆಂದು ಅವ್ವ ಹೆದರುತ್ತಾಳೆ. ಏಕೆ ಹೋಗುತ್ತೀ ಎಂದರೆ ಅವನು ಹೇಳುವ ಮಾತು: ‘ಆಫ್ ಮಾಡಿದ್ದೇನೆ ಅಂತ ನನಗೇ ಗೊತ್ತವ್ವ. ಆದರೂ ಮನಸ್ಸು ಒಪ್ಪುವುದಿಲ್ಲ.’ ಮೊದಲಿನದು ಭ್ರಮೆ, ಇದು ಗೀಳು. ಈ ಮಾತು ಕೇಳಿಸಿಕೊಳ್ಳದೆ ಕಾಯಿಲೆ ಹೆಚ್ಚಾಗಿದೆಯೆಂದು ಮಾತ್ರೆಯ ಪ್ರಮಾಣ ಏರಿಸಿದರೆ ಗೀಳೂ ಏರಬಹುದು.

ಹಾಗೆಂದು ತಪ್ಪನ್ನೆಲ್ಲ ಕ್ಲೋಜಪೀನ್ ತಲೆಗೆ ಕಟ್ಟುವುದು ಅನ್ಯಾಯ. ಅತಿ ಕಠಿಣ ಕಾಯಿಲೆಯವರಿಗೇ ಅದನ್ನು ಕೊಡುವುದು; ಕೆಲವರಲ್ಲಿ ಗೀಳು ಮೊದಲ ಧ್ವನಿ ಕೇಳುವ ಮುನ್ನವೇ ಇರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ಕಿಜೋಫ್ರೇನಿಯಾ ಇರುವವರಲ್ಲಿ ಸುಮಾರು 12 ಶೇಕಡಾ ಮಂದಿಗೆ ಗೀಳು ಕಾಯಿಲೆ, ಸುಮಾರು 30 ಶೇಕಡಾ ಮಂದಿಗೆ ಗೀಳಿನ ಲಕ್ಷಣಗಳು ಕಂಡಿವೆ. ಇಷ್ಟು ಜನರನ್ನು ಅಪರೂಪದ ಪ್ರಕರಣ ಎಂದು ಬದಿಗಿಡಲಾಗದು.

ನಮ್ಮ ಕಡೆಗೆ ಬಂದರೆ, ಮೊಳಕಾಲ್ಮೂರಿನ ಆಚೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಾತ್ರೆ ಊರಿನ ಹತ್ತಿರಕ್ಕೆ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವ ನಿಮಿಷಗಳಲ್ಲಿ ನಿದ್ದೆ, ಊಟ, ಗಲಾಟೆಯ ವಿಚಾರಣೆ ಮುಗಿಯುವಷ್ಟರಲ್ಲಿ ಮುಂದಿನ ಚೀಟಿ ಬಂದಿರುತ್ತದೆ. ಮನೆಯಲ್ಲೂ ಹಾಗೆಯೇ. ಸೊಸೆ ಗಂಟೆಗಟ್ಟಲೆ ಸ್ನಾನ ಮಾಡಿದರೆ ಮಡಿ ಎನ್ನುತ್ತಾರೆ. ಕೂಗಾಡಿದರೆ ಮಾತ್ರ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೋ ಆಸ್ಪತ್ರೆಗೋ ಕರೆದೊಯ್ಯುತ್ತಾರೆ. ಸದ್ದಿಲ್ಲದ ನರಳಾಟಕ್ಕೆ ಸರದಿ ಬರುವುದೇ ಇಲ್ಲ.

ಗುರುತಿಸಿದರೆ ದಾರಿಗಳಿವೆ. ವೈದ್ಯರು ಕ್ಲೋಜಪೀನ್ ಪ್ರಮಾಣವನ್ನು ನಿಧಾನವಾಗಿ ತಗ್ಗಿಸಿ ನೋಡಬಹುದು, ಸ್ಕಿಜೋಫ್ರೇನಿಯಾದ್ದೇ ಇನ್ನೊಂದು ಮಾತ್ರೆ ಅರಿಪಿಪ್ರಜೋಲ್ ಸೇರಿಸಬಹುದು, ಗೀಳಿಗೆ ಕೊಡುವ ಮಾತ್ರೆ ಮತ್ತು ವರ್ತನಾ ಚಿಕಿತ್ಸೆಯನ್ನು ಜೊತೆಗೂಡಿಸಬಹುದು. ಗೀಳಿನ ಮಾತ್ರೆಗಳಲ್ಲೊಂದಾದ ಫ್ಲುವಾಕ್ಸಮೀನ್ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಅದು ರಕ್ತದಲ್ಲಿ ಕ್ಲೋಜಪೀನ್ ಮಟ್ಟವನ್ನು ಹಲವು ಪಟ್ಟು ಏರಿಸಬಲ್ಲದು. ಗೀಳು ಕಂಡಿತೆಂದು ಮನೆಯವರೇ ಮಾತ್ರೆ ನಿಲ್ಲಿಸಿದರೆ ಧ್ವನಿಗಳು ಮೊದಲಿಗಿಂತ ಜೋರಾಗಿ ಮರಳುವ ಅಪಾಯವಿದೆ. ಮುಂದಿನ ಭೇಟಿಯಲ್ಲಿ ವೈದ್ಯರು ಕೇಳದಿದ್ದರೂ ತೊಳೆಯುವುದು, ಎಣಿಸುವುದು, ಮತ್ತೆ ಮತ್ತೆ ನೋಡುವುದು ಯಾವಾಗಿನಿಂದ ಶುರುವಾಯಿತು, ಮಾತ್ರೆಗೆ ಮೊದಲೋ ಆಮೇಲೋ ಎಂಬುದನ್ನು ನೀವೇ ಹೇಳಿ. ಭೇಟಿ ದೂರವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.