5 ಸೆಂಟಿಮೀಟರ್ ರೆಸಲ್ಯೂಶನ್ ಇದ್ದರೂ 5 ಸೆಂಟಿಮೀಟರ್ ಗೂಟ ಕಾಣದಿರುವುದೇಕೆ?

ಪ್ರಶ್ನೆ: ನಮ್ಮ ಜಮೀನಿನ ಡ್ರೋನ್ ಚಿತ್ರವನ್ನು ತೆಗೆದುಕೊಟ್ಟವರು ಅದರ ರೆಸಲ್ಯೂಶನ್ 5 ಸೆಂಟಿಮೀಟರ್ ಎಂದು ಬರೆದುಕೊಟ್ಟಿದ್ದಾರೆ. ಆದರೆ 5 ಸೆಂ.ಮೀ. ದಪ್ಪದ ಗಡಿಗೂಟಗಳು ಎಷ್ಟು ಹಿಗ್ಗಿಸಿ ನೋಡಿದರೂ ಕಾಣುತ್ತಿಲ್ಲ. ನಮಗೆ ಮೋಸವಾಗಿದೆಯೇ?

ಉತ್ತರ: ಇಲ್ಲ, ಮೋಸವಾಗಿಲ್ಲ. ಇದೇ ಪ್ರಶ್ನೆ ಒಮ್ಮೆ ಗೂಟದ ಹೆಸರಿನಲ್ಲಿ, ಒಮ್ಮೆ ಪೈಪಿನ ಹೆಸರಿನಲ್ಲಿ, ಮತ್ತೊಮ್ಮೆ ಗೋಡೆಯ ಬಿರುಕಿನ ಹೆಸರಿನಲ್ಲಿ ಬರುತ್ತಲೇ ಇರುವುದರಿಂದ, ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ವೈಮಾನಿಕ ಛಾಯಾಗ್ರಹಣದಲ್ಲಿ 5 ಸೆಂ.ಮೀ. ಎಂದು ಹೇಳುವುದು ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ ಆವರಿಸುವ ಚೌಕದ ಬದಿಯನ್ನು. ವೃತ್ತಿಯವರು ಇದನ್ನು ಗ್ರೌಂಡ್ ಸ್ಯಾಂಪಲ್ ಡಿಸ್ಟೆನ್ಸ್, ಚಿಕ್ಕದಾಗಿ ಜಿಎಸ್‌ಡಿ ಎನ್ನುತ್ತಾರೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್ ಗಾತ್ರವನ್ನು ಹಾರಾಟದ ಎತ್ತರದಿಂದ ಗುಣಿಸಿ, ಸರಿಸುಮಾರು ಲೆನ್ಸಿನಿಂದ ಸೆನ್ಸರಿಗಿರುವ ದೂರ ಎನ್ನಬಹುದಾದ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ. ಪಿಕ್ಸೆಲ್ 2.4 ಮೈಕ್ರಾನ್, ಫೋಕಲ್ ಲೆಂತ್ 8.8 ಮಿ.ಮೀ., ಎತ್ತರ 100 ಮೀಟರ್ ಇದ್ದಾಗ ಉತ್ತರ ಸುಮಾರು 2.7 ಸೆಂ.ಮೀ.; ಅದೇ ಕ್ಯಾಮೆರಾ 200 ಮೀಟರಿಗೆ ಏರಿದರೆ ಸುಮಾರು 5.5 ಸೆಂ.ಮೀ. ಈ ಲೆಕ್ಕದಲ್ಲಿ ಮೆಗಾಪಿಕ್ಸೆಲ್ ಎಂಬ ಪದವೇ ಬಂದಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ 5 ಸೆಂ.ಮೀ. ರೆಸಲ್ಯೂಶನ್ ಎಂದರೆ 5 ಸೆಂ.ಮೀ. ವಸ್ತು ಕಾಣುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು, ಆದರೆ ಅದು ಬೇರು ಬಿಟ್ಟಿರುವ ರೀತಿ ನೋಡಿದರೆ ಬೇಸರವಾಗುತ್ತದೆ. ಪಿಕ್ಸೆಲ್ ತನ್ನ ಚೌಕದೊಳಗಿನ ಬೆಳಕನ್ನೆಲ್ಲ ಕಲಸಿ ಒಂದೇ ಸರಾಸರಿ ಅಂಕಿಯಾಗಿ ಬರೆದಿಡುತ್ತದೆ, ಅಷ್ಟೆ. ನಿಮ್ಮ ಗೂಟವನ್ನೇ ತೆಗೆದುಕೊಳ್ಳೋಣ. ಸುತ್ತಲಿನ ಮಣ್ಣಿನ ಹೊಳಪು 100, ಗೂಟದ ತಲೆಯದ್ದು 160 ಎಂದಿರಲಿ. ಗೂಟದ ತಲೆ ಸರಿಯಾಗಿ ಒಂದೇ ಪಿಕ್ಸೆಲ್ಲಿನೊಳಗೆ ಬೀಳಬೇಕೆಂಬ ಕಟ್ಟಳೆ ಏನೂ ಇಲ್ಲ. ಅದು ನಾಲ್ಕು ಪಿಕ್ಸೆಲ್‌ಗಳು ಕೂಡುವ ಮೂಲೆಯ ಮೇಲೆ ಬಿದ್ದರೆ ಪ್ರತಿಯೊಂದಕ್ಕೂ ಕಾಲು ಪಾಲು ಮಾತ್ರ ದಕ್ಕಿ, ನಾಲ್ಕರ ಹೊಳಪೂ 115 ಆಗುತ್ತದೆ. ಹೆಂಟೆ, ಒಣಹುಲ್ಲು, ನೆರಳುಗಳಿಂದಾಗಿ ಬರಿಯ ಮಣ್ಣೇ 90ರಿಂದ 120ರವರೆಗೆ ಏರಿಳಿಯುತ್ತಿರುವಾಗ ಆ 115 ಗೂಟದ್ದೆಂದು ಹೇಳುವವರು ಯಾರು? ಇದರ ಮೇಲೆ ಲೆನ್ಸಿನ ಮಸುಕು ಸೇರುತ್ತದೆ. ಸಾಮಾನ್ಯ ಬಣ್ಣದ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆದು, ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಅಂದಾಜು ಮಾಡಿಕೊಳ್ಳುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಡ್ರೋನ್, ಶಟರ್ ತೆರೆದಿರುವ 1/500 ಸೆಕೆಂಡಿನಲ್ಲೇ 2 ಸೆಂ.ಮೀ. ಮುಂದೆ ಹೋಗಿರುತ್ತದೆ.

ತಮಾಷೆಯೆಂದರೆ ಈ ನಂಬಿಕೆ ಎರಡೂ ಕಡೆಯಿಂದ ತಪ್ಪು. ಹೊಳಪು 20 ಇರುವ ಡಾಂಬರಿನ ಮೇಲೆ ಹೊಳಪು 220 ಇರುವ, ಬರಿಯ 2 ಸೆಂ.ಮೀ. ದಪ್ಪದ ಬಿಳಿ ಹಗ್ಗವನ್ನು ಪಿಕ್ಸೆಲ್ ಸಾಲಿನ ನೇರಕ್ಕೆ ಎಳೆದಿಟ್ಟರೆ, ಅದು ಹಾಯುವ ಪಿಕ್ಸೆಲ್‌ಗಳ ಸರಾಸರಿ 100ರ ಹತ್ತಿರ ಬಂದು ಗೆರೆ ಎದ್ದು ಕಾಣುತ್ತದೆ. ಆದರೆ ಆ ಗೆರೆಯ ಅಗಲವನ್ನು ಚಿತ್ರದಲ್ಲಿ ಅಳೆದವರು ಹಗ್ಗ 5 ಸೆಂ.ಮೀ. ದಪ್ಪವಿದೆ ಎಂದು ಬರೆದುಕೊಳ್ಳುತ್ತಾರೆ. ಕಾಣುವುದು ಬೇರೆ, ಗುರುತಿಸುವುದು ಬೇರೆ, ಅಳೆಯುವುದು ಬೇರೆ.

ಅಮೆರಿಕದ ಸೇನೆಗಾಗಿ ರಾತ್ರಿ ವೀಕ್ಷಣೆಯ ಸಾಧನಗಳ ಮೇಲೆ ಕೆಲಸ ಮಾಡುತ್ತಿದ್ದ ಜಾನ್ ಜಾನ್ಸನ್ 1958ರಲ್ಲೇ ಈ ಭೇದಕ್ಕೆ ಅಂಕಿ ಕೊಟ್ಟಿದ್ದರು. ಅವರ ಅಳತೆಗಳನ್ನು ಪಿಕ್ಸೆಲ್‌ಗೆ ಇಳಿಸಿದರೆ, ಅಲ್ಲೇನೋ ಇದೆ ಎನ್ನಲು ವಸ್ತುವಿನ ಕಿರಿಯ ಬದಿಗೆ ಅಡ್ಡಲಾಗಿ 2 ಪಿಕ್ಸೆಲ್, ಅದು ಯಾವ ಬಗೆಯದು ಎನ್ನಲು 8, ಇಂಥದ್ದೇ ಎನ್ನಲು ಸುಮಾರು 13 ಬೇಕು. ಅಷ್ಟಿದ್ದರೂ ನೋಡುಗರು ಸರಿಯಾಗಿ ಹೇಳುವ ಸಾಧ್ಯತೆ ಅರ್ಧಕ್ಕರ್ಧ. 5 ಸೆಂ.ಮೀ. ಚಿತ್ರದಲ್ಲಿ ಇವು ಕ್ರಮವಾಗಿ 10, 40 ಮತ್ತು ಸುಮಾರು 65 ಸೆಂ.ಮೀ. ಆದುದರಿಂದ 1.8 ಮೀಟರ್ ಅಗಲದ ಕಾರು 36 ಪಿಕ್ಸೆಲ್ ಆವರಿಸಿ ಸಲೀಸಾಗಿ ಗುರುತು ಸಿಗುತ್ತದೆ. ಅದರ ನಂಬರ್ ಪ್ಲೇಟ್ ಓದಬಹುದೇ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ನೆಟ್ಟಗೆ ನಿಂತಿರುವ ಫಲಕವನ್ನು ನೇರ ಮೇಲಿನಿಂದ ನೋಡಿದರೆ ಅದರ ಅಂಚಲ್ಲದೆ ಬೇರೇನು ಕಂಡೀತು?

ಚಿತ್ರವನ್ನು ಸಾಫ್ಟ್‌ವೇರಿನಲ್ಲಿ 2 ಸೆಂ.ಮೀ.ಗೆ ಬದಲಿಸಿಕೊಳ್ಳಬಹುದಲ್ಲ ಎನ್ನುವವರೂ ಇದ್ದಾರೆ. ಹಾಗೆ ಬದಲಿಸಿದ ಕಡತವೊಂದು ನನ್ನ ಬಳಿಗೂ ಬಂದಿತ್ತು. ಗಾತ್ರ ಆರು ಪಟ್ಟು ಹೆಚ್ಚಿತ್ತು, ವಿವರ ಮಾತ್ರ ಎಳ್ಳಷ್ಟೂ ಹೆಚ್ಚಿರಲಿಲ್ಲ.

ನೀವು ಕೇಳಿಲ್ಲ, ಆದರೆ ಗಡಿಯ ವಿಷಯವಾದ್ದರಿಂದ ನಿಜವಾಗಿ ಕೇಳಬೇಕಾದದ್ದು ಇದು: ಚಿತ್ರದಲ್ಲಿ ಕಂಡದ್ದು ನಕ್ಷೆಯಲ್ಲಿ ತನ್ನ ಜಾಗದಲ್ಲೇ ಕೂತಿದೆಯೇ? ರೆಸಲ್ಯೂಶನ್‌ಗೂ ನಿಖರತೆಗೂ ನೇರ ಸಂಬಂಧವಿಲ್ಲ. ಡ್ರೋನಿನ ಸಾಮಾನ್ಯ ಜಿಪಿಎಸ್ ಒಂದನ್ನೇ ನಂಬಿ ಹೊಲಿದ ಆರ್ಥೋಫೋಟೋ (ಹಲವು ಚಿತ್ರಗಳನ್ನು ಜೋಡಿಸಿ ನಕ್ಷೆಯಂತೆ ಸರಿಪಡಿಸಿದ ಒಂದೇ ಚಿತ್ರ) ಕಣ್ಣಿಗೆ ಎಷ್ಟೇ ಸ್ಪಷ್ಟವಾಗಿದ್ದರೂ, ಇಡಿಯಾಗಿ ಒಂದೆರಡು ಮೀಟರ್ ಪಕ್ಕಕ್ಕೆ ಸರಿದಿರಬಹುದು. ಅದನ್ನು ಸರಿಯಾಗಿ ಕೂರಿಸಲು ನೆಲದ ಮೇಲೆ ಸರ್ವೆ ಉಪಕರಣದಿಂದ ಅಳೆದ ಕಂಟ್ರೋಲ್ ಪಾಯಿಂಟ್‌ಗಳು ಬೇಕು. ಅವಲ್ಲದೆ, ಲೆಕ್ಕಕ್ಕೆ ಬಳಸದೆ ಪರೀಕ್ಷೆಗೆಂದೇ ಮೀಸಲಿಟ್ಟ ಚೆಕ್ ಪಾಯಿಂಟ್‌ಗಳೂ ಬೇಕು. ಕೆಲಸ ಮಾಡಿಕೊಟ್ಟವರಿಂದ ಆ ಚೆಕ್ ಪಾಯಿಂಟ್‌ಗಳ ದೋಷದ ಪಟ್ಟಿಯನ್ನು ಕೇಳಿ ಪಡೆಯಿರಿ. ಮುಂದಿನ ಹಾರಾಟಕ್ಕೆ ಮೊದಲು, ಪ್ರತಿ ಗೂಟದ ಮೇಲೂ ಅರ್ಧ ಮೀಟರ್ ಅಗಲದ ಕಪ್ಪು ಬಿಳುಪಿನ ಚೌಕಳಿ ಹಲಗೆಯೊಂದನ್ನು, ಅದರ ನಡುಬಿಂದು ಗೂಟದ ನಡುವಿಗೆ ಸರಿಯಾಗಿ ಬರುವಂತೆ ಕೂರಿಸಿ. ಅಡ್ಡಲಾಗಿ 10 ಪಿಕ್ಸೆಲ್ ಆವರಿಸುವ ಆ ಹಲಗೆಯನ್ನು ಹುಡುಕಬೇಕಾಗುವುದಿಲ್ಲ, ಮತ್ತು ಗೂಟದ ಸ್ಥಾನವನ್ನು ಸರ್ವೆ ಉಪಕರಣದಿಂದ ಅಳೆದಿದ್ದರೆ ಅದೇ ಹಲಗೆ ಕಂಟ್ರೋಲ್ ಪಾಯಿಂಟ್ ಆಗಿಯೂ ಒದಗುತ್ತದೆ.