ಬೇಸ್‌ಬಾಲ್ ಗೊತ್ತಿಲ್ಲದವರು ಬೇಸ್‌ಬಾಲ್ ಪುಸ್ತಕ ಓದಬಹುದೇ?

ಪ್ರಶ್ನೆ: ಬೇಸ್‌ಬಾಲ್ ಬಗ್ಗೆ ತುಂಬ ಒಳ್ಳೆಯ ಪುಸ್ತಕಗಳಿವೆ ಎಂದು ಕೇಳಿದ್ದೇನೆ. ಆದರೆ ನನಗೆ ಆ ಆಟದ ತಲೆಬುಡ ತಿಳಿಯದು, ಒಂದು ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. ಓದಿದರೆ ರುಚಿಸೀತೇ? ಯಾವುದರಿಂದ ಶುರು ಮಾಡಲಿ?

ಉತ್ತರ: ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದವರು, ಅಲ್ಲೇ ನೆಲೆಸಿದವರು, ಇಲ್ಲಿ ಕೂತು 'ಮನಿಬಾಲ್' ಸಿನಿಮಾ ನೋಡಿದವರು, ಎಲ್ಲರೂ ಕೇಳುವ ಪ್ರಶ್ನೆ ಇದು. ಖಂಡಿತ ರುಚಿಸುತ್ತದೆ. ಕ್ರಿಕೆಟ್ ನೋಡಿ ಬೆಳೆದವರಿಗಂತೂ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಶುರು ಮಾಡಬೇಕಾದದ್ದು ಲಾರೆನ್ಸ್ ರಿಟರ್ ಅವರ 'ದಿ ಗ್ಲೋರಿ ಆಫ್ ದೇರ್ ಟೈಮ್ಸ್' ಪುಸ್ತಕದಿಂದ. ಅದೇ ಏಕೆ ಎಂದು ಹೇಳಲು ಸ್ಕೋರ್‌ಕಾರ್ಡ್‌ನಿಂದ ಆರಂಭಿಸಬೇಕು.

ನಮ್ಮ ಕ್ರಿಕೆಟ್ ಸ್ಕೋರ್‌ಕಾರ್ಡ್‌ನಲ್ಲಿ ಕ್ಯಾಚ್ ಹಿಡಿದವರ ಹೆಸರಿರುತ್ತದೆ, ಕೈಚೆಲ್ಲಿದವರ ಹೆಸರು ಎಲ್ಲೂ ಇರುವುದಿಲ್ಲ. ಸೊನ್ನೆಯಲ್ಲಿದ್ದಾಗ ಜೀವದಾನ ಪಡೆದು ನೂರು ಹೊಡೆದರೆ ಆ ನೂರು ಮಾತ್ರ ಉಳಿಯುತ್ತದೆ. ಬೇಸ್‌ಬಾಲ್ ಹಾಗಲ್ಲ. ಮೈದಾನದ ಫಲಕದಲ್ಲಿ ಎರಡೂ ತಂಡಗಳ ಮುಂದೆ ರನ್, ಹಿಟ್ (ಔಟಾಗದೆ ಬೇಸ್ ತಲುಪಿಸುವ ಹೊಡೆತ), ಎರರ್ (ಫೀಲ್ಡಿಂಗ್ ತಪ್ಪು) ಎಂದು ಮೂರು ಅಂಕಿಗಳಿರುತ್ತವೆ. ಸುಲಭದ ಚೆಂಡು ಬಿಟ್ಟವರ ಹೆಸರು ಮರುದಿನದ ಪತ್ರಿಕೆಯಲ್ಲೂ ಅಚ್ಚಾಗುತ್ತದೆ. ಈ ಲೆಕ್ಕದ ಪದ್ಧತಿಯನ್ನು ಬೆಳೆಸಿದವರಲ್ಲಿ ಮುಖ್ಯರು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬ್ರೂಕ್ಲಿನ್‌ಗೆ ಬಂದು, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿ ಮಾಡುತ್ತಿದ್ದವರು. ಬೇಸ್‌ಬಾಲ್‌ಗೆ ಮನಸೋತ ಮೇಲೆ ಕ್ರಿಕೆಟ್ ಸ್ಕೋರ್‌ಕಾರ್ಡ್‌ನ ಮಾದರಿಯನ್ನೇ ಇಟ್ಟುಕೊಂಡು ಹೊಸ ಆಟಕ್ಕೆ ಲೆಕ್ಕದ ಪಟ್ಟಿ ಕಟ್ಟಿದರು. ಎರರ್ ಬರೆಯುವುದು ಆ ಪಟ್ಟಿಯಲ್ಲಿ ನೆಲೆನಿಂತಿತು.

ಬ್ಯಾಟಿಂಗ್ ಲೆಕ್ಕವೂ ಇಷ್ಟೇ ನಿಷ್ಠುರ. ಹತ್ತು ಸಲಕ್ಕೆ ಮೂರು ಸಲ ಹಿಟ್ ಹೊಡೆದವರನ್ನು ಉತ್ತಮ ಬ್ಯಾಟರ್ ಎನ್ನುತ್ತಾರೆ. 1941ರಲ್ಲಿ ಬಾಸ್ಟನ್‌ನ ಟೆಡ್ ವಿಲಿಯಮ್ಸ್ .406 ಸರಾಸರಿಯಲ್ಲಿ ಸೀಸನ್ ಮುಗಿಸಿದರು. ಅಂದರೆ ಹತ್ತರಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು. ಅಲ್ಲಿನ ಎರಡು ದೊಡ್ಡ ಲೀಗ್‌ಗಳಾದ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಆಮೇಲೆ ಯಾರೂ ಇಡೀ ಸೀಸನ್‌ಗೆ .400ರ ಗಡಿ ಮುಟ್ಟಿಲ್ಲ. ಸೋಲು ದಿನನಿತ್ಯದ ಸಂಗತಿ, ಅದನ್ನು ಬರೆದಿಡುವುದು ಕಡ್ಡಾಯ ಎಂಬಂಥ ಆಟ ಇದು. ಒಳ್ಳೆಯ ಬರಹಗಾರರು ಇದಕ್ಕೆ ಮುಗಿಬಿದ್ದದ್ದು ಅದಕ್ಕೇ ಎಂಬುದು ನನ್ನ ಗಟ್ಟಿ ನಂಬಿಕೆ. ಇದರ ಶ್ರೇಷ್ಠ ಪುಸ್ತಕಗಳಲ್ಲಿ ಎಷ್ಟೊಂದು ಸೋತವರ ಕಥೆಗಳೋ!

ಆಟದ ಬಗ್ಗೆ ತಿಳಿದಿರಬೇಕಾದದ್ದು ಸ್ವಲ್ಪವೇ. ತಂಡಕ್ಕೆ ಒಂಬತ್ತು ಜನ, ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್. ಪಿಚರ್ 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರ ಎಸೆಯುತ್ತಾನೆ. ಬ್ಯಾಟರ್ ಬೀಸಿ ತಪ್ಪಿದರೆ ಅಥವಾ ಗುರಿಯೊಳಗೆ ಬಂದ ಚೆಂಡನ್ನು ಬಿಟ್ಟರೆ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ನಾಲ್ಕು ಸಲ ಗುರಿತಪ್ಪಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಮುಂದೆ ಹರಡಿದ ಎರಡು ಗೆರೆಗಳ ನಡುವೆ ಹೊಡೆದರಷ್ಟೇ ಹೊಡೆತ. ಹಿಂದಕ್ಕೆ ತಿರುಗಿಸಿದರೆ ರನ್ ಇಲ್ಲ. 90 ಅಡಿ ಅಂತರದ ನಾಲ್ಕು ಬೇಸ್‌ಗಳನ್ನು ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್. ಒಂದು ಸೀಸನ್‌ಗೆ ಈಗ 162 ಪಂದ್ಯ, ಹೆಚ್ಚುಕಡಿಮೆ ದಿನಕ್ಕೊಂದು. ಉಳಿದದ್ದನ್ನು ಪುಸ್ತಕಗಳೇ ಕಲಿಸುತ್ತವೆ.

ರಿಟರ್ ಕ್ರೀಡಾ ಪತ್ರಕರ್ತರಲ್ಲ, ಅರ್ಥಶಾಸ್ತ್ರದ ಪ್ರಾಧ್ಯಾಪಕರು. 1961ರಲ್ಲಿ ಹಳೆಯ ಕಾಲದ ದೈತ್ಯ ಆಟಗಾರ ಟೈ ಕಾಬ್ ತೀರಿಕೊಂಡರು. ಅದೇ ಸುಮಾರಿಗೆ ರಿಟರ್ ತಮ್ಮ ತಂದೆಯನ್ನೂ ಕಳೆದುಕೊಂಡರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಡಿದವರು ಒಬ್ಬೊಬ್ಬರಾಗಿ ಹೋಗುವ ಮುನ್ನ ಅವರ ಮಾತು ಹಿಡಿದಿಡಬೇಕು ಎಂದು ಟೇಪ್ ರೆಕಾರ್ಡರ್ ಹೊತ್ತು ದೇಶವೆಲ್ಲ ಅಲೆದರು. ಪುಸ್ತಕ ಬಂದದ್ದು 1966ರಲ್ಲಿ. ಅದರಲ್ಲಿ ರಿಟರ್ ಮಾತು ತೀರಾ ಕಡಿಮೆ. ಒಂದೊಂದು ಅಧ್ಯಾಯದಲ್ಲಿ ಒಬ್ಬೊಬ್ಬ ಮುದುಕ ತನ್ನ ಕಥೆ ತಾನೇ ಹೇಳುತ್ತಾ ಹೋಗುತ್ತಾನೆ.

ಸ್ಯಾಮ್ ಕ್ರಾಫರ್ಡ್ ಸಿಕ್ಕಿದ ಬಗೆ ಕೇಳಿ. ಹೊಡೆದು ಒಂದೇ ಓಟಕ್ಕೆ ಮೂರನೇ ಬೇಸ್ ತಲುಪುವುದನ್ನು ಟ್ರಿಪಲ್ ಎನ್ನುತ್ತಾರೆ. ಅಂಥ 309 ಟ್ರಿಪಲ್ ಹೊಡೆದ ಅವರ ದಾಖಲೆ ಇಂದಿಗೂ ಅಳಿದಿಲ್ಲ. ಆದರೆ ಅವರು ಎಲ್ಲಿದ್ದಾರೆಂದು ಹೇಳಲು ಹೆಂಡತಿಗೇ ಅಪ್ಪಣೆ ಇರಲಿಲ್ಲ. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಇನ್ನೂರು ಮೈಲಿ ಆಸುಪಾಸು ಹೋಗಿ ನೋಡಿ ಎಂದಷ್ಟೇ ಸುಳಿವು ಕೊಟ್ಟರು. ರಿಟರ್ ಬೇವುಡ್ ಪಾರ್ಕ್ ಎಂಬ ಪುಟ್ಟ ಊರಿಗೆ ಬಂದು ಕಂಡವರನ್ನೆಲ್ಲ ವಿಚಾರಿಸಿದರು, ಸುಳಿವಿಲ್ಲ. ಕಾಸು ಕೊಟ್ಟು ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿದ್ದ ಎತ್ತರದ ಮುದುಕರನ್ನೂ ಕೇಳಿದರು. ಕ್ರಾಫರ್ಡ್ ನಿಮಗೆ ಗೊತ್ತೇ? ಗೊತ್ತಿಲ್ಲದೆ ಏನು, ನಾನೇ ಅಲ್ಲವೇ ಎಂಬ ಅರ್ಥದ ಉತ್ತರ ಬಂತು!

ಆದರೆ ನೀವು ಮೊದಲು ತೆರೆಯಬೇಕಾದದ್ದು ಫ್ರೆಡ್ ಸ್ನಾಡ್‌ಗ್ರಾಸ್ ಅಧ್ಯಾಯ. 1912ರ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ), ನಿರ್ಣಾಯಕ ಪಂದ್ಯ, ಒಂಬತ್ತು ಇನಿಂಗ್ಸ್‌ಗೆ ಸಮವಾಗಿದ್ದರಿಂದ ಹತ್ತನೇ ಇನಿಂಗ್ಸ್. ಬಾಸ್ಟನ್ ಎದುರು ಸ್ನಾಡ್‌ಗ್ರಾಸ್ ಅವರ ತಂಡ ನ್ಯೂಯಾರ್ಕ್ ಜೈಂಟ್ಸ್ ಒಂದು ರನ್ ಮುಂದಿದೆ. ಸ್ನಾಡ್‌ಗ್ರಾಸ್ ಕೈಗೆ ನೇರ ಬಂದ ಸುಲಭದ ಚೆಂಡು ಜಾರಿತು. ಮರು ಹೊಡೆತಕ್ಕೆ, ಹ್ಯಾರಿ ಹೂಪರ್ ಹೊಡೆದ ಚೆಂಡನ್ನು ಅವರು ಓಡಿಹೋಗಿ ಅದ್ಭುತವಾಗಿ ಹಿಡಿದರು. ಅದು ಯಾರಿಗೂ ನೆನಪಿಲ್ಲ. ಬಾಸ್ಟನ್ 3–2ರಿಂದ ಗೆದ್ದಿತು. ಆಮೇಲೆ ಸ್ನಾಡ್‌ಗ್ರಾಸ್ ಬ್ಯಾಂಕ್ ನಡೆಸಿದರು, ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಪಟ್ಟಣದ ಮೇಯರ್ ಆದರು. 1974ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್‌ನ ತಲೆಬರಹದಲ್ಲಿ ಇದ್ದದ್ದು 1912ರ ಆ ಕೈಚೆಲ್ಲಿದ ಚೆಂಡು! ಇಂಥ ಮನುಷ್ಯ ಆ ದಿನದ ಬಗ್ಗೆ ತನ್ನ ಬಾಯಲ್ಲೇ ಏನು ಹೇಳುತ್ತಾನೆಂದು ಓದಬೇಕು. ಅದೇ ಪುಸ್ತಕದಲ್ಲಿ ಎದುರಾಳಿ ಹೂಪರ್ ಅವರ ಅಧ್ಯಾಯವೂ ಇದೆ. ಎರಡನ್ನೂ ಒಂದರ ಬೆನ್ನಿಗೊಂದು ಓದಿ.

ಎರಡನೆಯದಾಗಿ ರೋಜರ್ ಕಾನ್ ಅವರ 'ದಿ ಬಾಯ್ಸ್ ಆಫ್ ಸಮರ್' (1972). ಆರ್‌ಸಿಬಿ ಅಭಿಮಾನಿಗಳಿಗೆ ಇದು ತಮ್ಮದೇ ಕಥೆ ಅನಿಸುತ್ತದೆ. ನಾವು 2008ರಿಂದ ಕಾದು, 'ಈ ಸಲ ಕಪ್ ನಮ್ದೇ' ಎಂದು ಕೂಗಿ, 2025ರಲ್ಲಿ ಕಪ್ ಕಂಡೆವು. ಬ್ರೂಕ್ಲಿನ್ ಡಾಜರ್ಸ್ ಅಭಿಮಾನಿಗಳ ಘೋಷಣೆ 'ಮುಂದಿನ ವರ್ಷ ನೋಡೋಣ' ಎಂಬುದಾಗಿತ್ತು. ಏಳು ಸಲ ವರ್ಲ್ಡ್ ಸೀರೀಸ್ ಸೋತ ಮೇಲೆ 1955ರಲ್ಲಿ ಗೆದ್ದರು. ಎರಡೇ ವರ್ಷ ಕಳೆಯುವಷ್ಟರಲ್ಲಿ ಮಾಲೀಕರು ತಂಡವನ್ನೇ ಎತ್ತಿಕೊಂಡು ಲಾಸ್ ಏಂಜಲೀಸ್‌ಗೆ ಹೋದರು. ಮೈದಾನ ನೆಲಸಮವಾಯಿತು. ಕಾನ್ ಆ ತಂಡದ ಜೊತೆ ವರದಿಗಾರನಾಗಿ ತಿರುಗಿದ್ದು 1952 ಮತ್ತು 1953ರಲ್ಲಿ. ಎರಡೂ ವರ್ಷ ವರ್ಲ್ಡ್ ಸೀರೀಸ್‌ನಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡದ ಎದುರು ಸೋಲು.

ಪುಸ್ತಕದ ಮೊದಲರ್ಧ ಆ ದಿನಗಳದು. ದ್ವಿತೀಯಾರ್ಧದಲ್ಲಿ, ಹತ್ತಿರ ಹತ್ತಿರ ಇಪ್ಪತ್ತು ವರ್ಷಗಳ ನಂತರ, ಕಾನ್ ಆ ಆಟಗಾರರನ್ನು ಹುಡುಕಿಕೊಂಡು ಹೋಗುತ್ತಾರೆ. ಬಂದೂಕಿನ ಗುಂಡಿನಂತೆ ಚೆಂಡೆಸೆಯುತ್ತಿದ್ದ, 1953ರಲ್ಲಿ .344 ಸರಾಸರಿಯೊಂದಿಗೆ ಲೀಗ್‌ನ ಅಗ್ರ ಬ್ಯಾಟರ್ ಆಗಿದ್ದ ಕಾರ್ಲ್ ಫುರಿಲ್ಲೊ ಆಗಿನ್ನೂ ಏಳುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಲಿಫ್ಟ್ ಕೂರಿಸುತ್ತಿದ್ದಾರೆ. ಬಿಲ್ಲಿ ಕಾಕ್ಸ್ ಹುಟ್ಟೂರಿನ ಬಾರ್‌ನಲ್ಲಿ ಗ್ಲಾಸು ತುಂಬುತ್ತಿದ್ದಾರೆ. 1958ರ ಕಾರ್ ಅಪಘಾತದ ನಂತರ ರಾಯ್ ಕ್ಯಾಂಪನೆಲ್ಲಾ ಗಾಲಿಕುರ್ಚಿಯಲ್ಲಿದ್ದಾರೆ. 1947ರಲ್ಲಿ ವರ್ಣಭೇದದ ಗೋಡೆ ಒಡೆದು ಮೇಜರ್ ಲೀಗ್‌ಗೆ ಬಂದ ಜಾಕಿ ರಾಬಿನ್‌ಸನ್ ತಮ್ಮ ಹಿರಿಮಗನನ್ನು ಕಳೆದುಕೊಂಡಿದ್ದಾರೆ. ಪುಸ್ತಕ ಹೊರಬಂದ ವರ್ಷವೇ ಅವರೂ ಹೋದರು. ಈ ಪುಟಗಳಲ್ಲಿ ಬೇಸ್‌ಬಾಲ್ ಗೊತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಊರೆಲ್ಲ ಹೊಗಳಿದ ಕೈಗಳು ಐವತ್ತರಲ್ಲಿ ಏನು ಮಾಡುತ್ತವೆ ಎಂಬ ಪ್ರಶ್ನೆಯನ್ನು ಇಷ್ಟು ಪ್ರೀತಿಯಿಂದ ಹಿಂಬಾಲಿಸಿದ ಕ್ರೀಡಾ ಪುಸ್ತಕ ನನ್ನ ಓದಿನಲ್ಲಿ ಮತ್ತೊಂದಿಲ್ಲ.

ಅದೇ ಡಾಜರ್ಸ್ ತಂಡವನ್ನು ಅಭಿಮಾನಿಯ ಮನೆಯೊಳಗಿಂದ ನೋಡಬೇಕೆಂದರೆ ಇತಿಹಾಸಕಾರ್ತಿ ಡೋರಿಸ್ ಕರ್ನ್ಸ್ ಗುಡ್‌ವಿನ್ ಅವರ ಬಾಲ್ಯದ ನೆನಪುಗಳಿವೆ, 'ವೇಟ್ ಟಿಲ್ ನೆಕ್ಸ್ಟ್ ಇಯರ್' (1997). ಆರು ವರ್ಷದ ಹುಡುಗಿಗೆ ಅಪ್ಪ ಸ್ಕೋರ್ ಬರೆಯುವುದು ಕಲಿಸುತ್ತಾರೆ. ಹಗಲು ಅವಳು ರೇಡಿಯೊ ಕೇಳಿ ಪ್ರತಿ ಹೊಡೆತವನ್ನೂ ಬರೆದಿಡುತ್ತಾಳೆ, ಸಂಜೆ ಅಪ್ಪ ಕೆಲಸದಿಂದ ಬಂದೊಡನೆ ಇಡೀ ಪಂದ್ಯವನ್ನು ಬಿಡಿಸಿ ಬಿಡಿಸಿ ಹೇಳುತ್ತಾಳೆ. ಸ್ಕೋರ್ ಪತ್ರಿಕೆಯಲ್ಲೂ ಬರುತ್ತದೆ ಎಂಬುದನ್ನು ಅಪ್ಪ ಅವಳಿಗೆ ಹೇಳುವುದೇ ಇಲ್ಲ! ತಾನು ಹೇಳದಿದ್ದರೆ ಅಪ್ಪನಿಗೆ ಪಂದ್ಯವೇ ತಿಳಿಯದು ಎಂದು ನಂಬಿ ಆ ಹುಡುಗಿ ಕಥೆ ಹೇಳುವುದನ್ನು ಕಲಿಯುತ್ತಾಳೆ.

ಜಿಮ್ ಬೌಟನ್ ಅವರ 'ಬಾಲ್ ಫೋರ್' (1970) ಇದಕ್ಕೆ ತದ್ವಿರುದ್ಧ. ಯಾಂಕೀಸ್ ಪರ ಗೆದ್ದು ಮೆರೆದ ಪಿಚರ್, ತೋಳಿನ ವೇಗ ಕಳೆದುಕೊಂಡ ಮೇಲೆ 1969ರಲ್ಲಿ ಸಿಯಾಟಲ್‌ನ ಹೊಸ ತಂಡದಲ್ಲಿ ಹೆಣಗಾಡುತ್ತಾ ಬರೆದ ದಿನಚರಿ. ಡ್ರೆಸಿಂಗ್ ರೂಮಿನ ಒಳಗಿನದನ್ನೆಲ್ಲ ಬಯಲಿಗಿಟ್ಟದ್ದಕ್ಕೆ ಬೇಸ್‌ಬಾಲ್ ಕಮಿಷನರ್ ಸಿಟ್ಟಾದರು. ಭಾಷೆ ಒರಟು, ಮನೆಮಂದಿಯೆಲ್ಲ ಕೂತು ಓದುವಂಥದ್ದಲ್ಲ. ಆದರೆ ಕೆಲಸ ಕೈಬಿಟ್ಟುಹೋಗುವ ಭಯವನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ಆಟಗಾರರು ವಿರಳ.

ಹೆಚ್ಚಿನವರು ಮೊದಲು ಎತ್ತಿಕೊಳ್ಳುವುದು ಮೈಕಲ್ ಲೂಯಿಸ್ ಅವರ 'ಮನಿಬಾಲ್' (2003). ಅದನ್ನು ಮೂರನೆಯದೋ ನಾಲ್ಕನೆಯದೋ ಆಗಿ ಓದಿ ಎಂದು ನನ್ನ ಸಲಹೆ. ಕೈಯಲ್ಲಿ ಕಾಸಿಲ್ಲದ ಓಕ್ಲೆಂಡ್ ತಂಡ ಅಂಕಿಅಂಶ ನಂಬಿ 2002ರಲ್ಲಿ ಸತತ 20 ಪಂದ್ಯ ಗೆದ್ದ ಕಥೆ ಅದು. ಇಪ್ಪತ್ತನೆಯದರಲ್ಲಿ 11–0 ಮುನ್ನಡೆ ಕರಗಿ 11–11 ಆಗಿ, ಬೇರೆ ತಂಡ ಬೇಡವೆಂದಿದ್ದ ಸ್ಕಾಟ್ ಹ್ಯಾಟೆಬರ್ಗ್ ಒಂದೇ ಹೊಡೆತಕ್ಕೆ ಗೆಲ್ಲಿಸುವ ಪುಟಗಳು ಮೈ ಜುಮ್ಮೆನಿಸುತ್ತವೆ. ಆ ತಂಡವೂ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆದರೆ ಈ ಪುಸ್ತಕ ವಾದ ಮಾಡುತ್ತಿರುವುದು ಹಳೆಯ ಬೇಸ್‌ಬಾಲ್ ಜನರ ಕಣ್ಣಂದಾಜಿನ ವಿರುದ್ಧ. ಆ ಹಳಬರನ್ನು ರಿಟರ್ ಪುಸ್ತಕದಲ್ಲಿ ಮೊದಲೇ ಭೇಟಿಯಾಗಿದ್ದರೆ ಜಗಳದ ಎರಡೂ ಕಡೆ ನಿಮಗೆ ತಿಳಿದಿರುತ್ತದೆ.

ಇಂಗ್ಲಿಷಿನ ದಪ್ಪ ಪುಸ್ತಕ ನೋಡಿ ಅಳುಕುವವರು ಹಿಂಜರಿಯಬೇಡಿ. 'ಗ್ಲೋರಿ' ಪೂರಾ ಆಡುಮಾತಿನಲ್ಲಿದೆ, ಅಧ್ಯಾಯಗಳು ಬಿಡಿಬಿಡಿಯಾಗಿವೆ, ರಾತ್ರಿಗೊಂದರಂತೆ ಓದಬಹುದು. ರಿಟರ್ ಧ್ವನಿಮುದ್ರಿಸಿಕೊಂಡ ಟೇಪ್‌ಗಳ ಆಯ್ದ ಭಾಗಗಳು ಆಡಿಯೊ ರೂಪದಲ್ಲೂ ಬಂದಿವೆ. ಒಂದು ಅಧ್ಯಾಯ ಓದಿಕೊಂಡು ಆಮೇಲೆ ಕೇಳಿದರೆ ಆ ಮುದುಕರ ಉಚ್ಚಾರ ಕಿವಿಗೆ ಬೇಗ ಪಳಗುತ್ತದೆ.