ಪುಕ್ಕಟೆ ಕಲಿಸಲು ಬಂದವರಿಗೂ ಒಂದು ಫಾರ್ಮ್ ಕೊಡಿ

ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೇಸಿಗೆ ಶಿಬಿರಗಳ ಬ್ಯಾನರ್ ಏಳುತ್ತವೆ. ಒಂಬತ್ತರ ಮೇಲೆ ಬಿಸಿಲಿಗೆ ನಿಲ್ಲಲಾಗದು, ಹಾಗಾಗಿ ಅಭ್ಯಾಸ ಬೆಳಗಿನ ಐದೂವರೆಗೇ ಶುರು. ಮೈದಾನದಲ್ಲಿ ಇನ್ನೂ ನಸುಗತ್ತಲು. ನಲವತ್ತು ಮಕ್ಕಳು, ಒಬ್ಬ ಕೋಚ್, ‘ಸಹಾಯಕ್ಕೆ’ ಬಂದ ಇಬ್ಬರು ಹಳೆಯ ಆಟಗಾರರು. ಕೋಚ್‌ನ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ತರಬೇತಿ) ಸರ್ಟಿಫಿಕೇಟನ್ನು ಸಂಘಟಕರು ನೋಡಿರುತ್ತಾರೆ. ಆ ಇಬ್ಬರದು ಏನು ನೋಡಿದಿರಿ ಎಂದರೆ, ‘ಪುಕ್ಕಟೆ ಬಂದು ಕಲಸ್ತಾರ್ರೀ, ಅವರಿಗೆ ಪೊಲೀಸ್ ಸರ್ಟಿಫಿಕೇಟ್ ಕೇಳಾಕ ಬರ್ತದೇನ್ರೀ?’

ಬರುತ್ತದೆ. 2020ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ನಿಯಮಗಳಲ್ಲಿ 3ನೇ ನಿಯಮವು ಶಾಲೆಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿಯೇ ಹೇಳುತ್ತದೆ: ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ತಪಾಸಣೆ ನಿಯತವಾಗಿ ಆಗಬೇಕು, ಕಾಯಂ ಇರಲಿ, ಗುತ್ತಿಗೆ ಇರಲಿ. ತೊಡಕು ಇರುವುದು ‘ಸಿಬ್ಬಂದಿ’, ‘ನೌಕರ’ ಎಂಬ ಪದಗಳಲ್ಲಿ. ಸಂಬಳವಿಲ್ಲದೆ ಬರುವ ಸ್ವಯಂಸೇವಕ ಆ ಪದಗಳ ಸಂದಿಯಲ್ಲಿ ನುಸುಳಿಬಿಡುತ್ತಾನೆ. ಆ ಸಂದಿಯನ್ನು ಕ್ಲಬ್ಬೇ ತನ್ನ ಠರಾವಿನಿಂದ ಮುಚ್ಚಬೇಕು: ಸಂಬಳ ಇರಲಿ ಬಿಡಲಿ, ಮಕ್ಕಳ ಜೊತೆ ಮತ್ತೆ ಮತ್ತೆ ಇರುವ ಎಲ್ಲರಿಗೂ ಒಂದೇ ತಪಾಸಣೆ. ಟೂರ್ನಿಗೆ ಕರೆದೊಯ್ಯುವ ಟೆಂಪೊ ಚಾಲಕ, ಹಾಸ್ಟೆಲಿನ ಅಡುಗೆಯವ, ಮಸಾಜ್ ಮಾಡುವವ, ಗರಡಿಯಲ್ಲಿ ಪಟ್ಟು ತೋರಿಸುವ ಹಿರಿಯ ಪೈಲ್ವಾನ, ಎಲ್ಲರೂ ಇದರೊಳಗೆ. ಎಲ್ಲರಿಗೂ ಒಂದೇ ಎಂದಾಗ ದಾಕ್ಷಿಣ್ಯದ ಪ್ರಶ್ನೆಯೂ ಸಡಿಲವಾಗುತ್ತದೆ. ಅಧ್ಯಕ್ಷರು ಮೊದಲ ಫಾರ್ಮ್ ತಾವೇ ತುಂಬಿದರೆ ಇನ್ನೂ ಒಳ್ಳೆಯದು.

ಫಾರ್ಮ್ ಒಂದು ಪುಟ ಸಾಕು. ದಾಖಲೆಗಳಲ್ಲಿರುವ ಎಲ್ಲ ಬಗೆಯ ಹೆಸರು, ತಂದೆಯ ಹೆಸರು, ಕಳೆದ ಹತ್ತು ವರ್ಷ ವಾಸವಿದ್ದ ಊರುಗಳು, ಈ ಹಿಂದೆ ಕಲಿಸಿದ ಮೂರು ಜಾಗಗಳು, ಬಿಟ್ಟ ಕಾರಣ, ಅಲ್ಲಿಗೆ ಫೋನ್ ಮಾಡಲು ಒಪ್ಪಿಗೆಯ ಸಹಿ. ಆಧಾರ್‌ನ ಮೂಲ ಕಾರ್ಡ್ ನೋಡಿ, ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಪ್ರತಿಯನ್ನಷ್ಟೇ ಇಟ್ಟುಕೊಳ್ಳಿ.

ಪೊಲೀಸ್ ಪರಿಶೀಲನೆಗೆ ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಅರ್ಜಿಯಲ್ಲಿ ಈಗಿನ ವಿಳಾಸ ಮಾತ್ರ ಇದ್ದರೆ, ವಿಚಾರಣೆ ಬಹುಮಟ್ಟಿಗೆ ಆ ಠಾಣೆಯ ಸುತ್ತಲೇ ಮುಗಿಯುತ್ತದೆ. ನಮ್ಮದು ಗಡಿ ಸೀಮೆ. ಸಿರುಗುಪ್ಪದವರಿಗೆ ಆದೋನಿ, ಬಳ್ಳಾರಿಯವರಿಗೆ ಗುಂತಕಲ್, ರಾಯಚೂರಿನವರಿಗೆ ಗದ್ವಾಲ್ ಪಕ್ಕದ ಮನೆಯಿದ್ದಂತೆ. ಆರು ವರ್ಷ ಆದೋನಿಯಲ್ಲಿ ಕಲಿಸಿ ಈಗ ಗಂಗಾವತಿಯಲ್ಲಿರುವವನ ಬಗ್ಗೆ ಗಂಗಾವತಿ ಠಾಣೆ ಏನು ಹೇಳೀತು? ಆಂಧ್ರದ್ದನ್ನು ಆಂಧ್ರದಿಂದ, ತೆಲಂಗಾಣದ್ದನ್ನು ಅಲ್ಲಿಂದಲೇ ತರಿಸಬೇಕು. ಇನ್ನೊಂದು ಸಣ್ಣ ಗೊಂದಲ: ಹಳೆಯ ಕಾರ್ಡಿನಲ್ಲಿ ‘ಹೊಸಪೇಟೆ, ಬಳ್ಳಾರಿ ಜಿಲ್ಲೆ’ ಎಂದಿರುತ್ತದೆ. 2021ರಿಂದ ಅದು ವಿಜಯನಗರ ಜಿಲ್ಲೆ, ಅರ್ಜಿಯಲ್ಲಿ ಜಿಲ್ಲೆ ಆರಿಸುವಾಗ ತಪ್ಪಬೇಡಿ.

ಇಪ್ಪತ್ತು ವರ್ಷದ ಹುಡುಗನ ಸರ್ಟಿಫಿಕೇಟ್ ಸಾಮಾನ್ಯವಾಗಿ ಸ್ವಚ್ಛವೇ ಇರುತ್ತದೆ. ಕೇಸು ದಾಖಲಾಗಲು ಅವನಿಗೆ ವಯಸ್ಸಾದರೂ ಎಲ್ಲಿ ಆಗಿದೆ? ದೂರು ಠಾಣೆ ಮುಟ್ಟದಿದ್ದರೆ ನಲವತ್ತರವನದೂ ಸ್ವಚ್ಛ. ಆ ಕಾಗದ ಹೇಳುವುದು ‘ನಮ್ಮ ದಾಖಲೆಯಲ್ಲಿ ಇಲ್ಲ’ ಎಂದಷ್ಟೇ.

ನ್ಯಾಯಾಲಯಗಳ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಯಾರಾದರೂ ಹುಡುಕಬಹುದು, ಪುಕ್ಕಟೆ. ಆದರೆ ಕೋರ್ಟ್ ಸಂಕೀರ್ಣ ಮತ್ತು ವರ್ಷವನ್ನು ಒಂದೊಂದಾಗಿ ಆರಿಸಬೇಕು. ರಾಯಚೂರು ನೋಡಿದರೆ ಸಿಂಧನೂರು, ಲಿಂಗಸುಗೂರು ನೋಡಿದಂತಲ್ಲ. ಕಾಗುಣಿತ ಇನ್ನೊಂದು ತಲೆನೋವು. ಒಬ್ಬನೇ ಬಸವರಾಜ ಇಂಗ್ಲಿಷಿನಲ್ಲಿ ಆಧಾರ್‌ನಲ್ಲಿ ‘ಎ’ ಇಲ್ಲದೆ ಮುಗಿಯುತ್ತಾನೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎ’ ಹಚ್ಚಿಕೊಳ್ಳುತ್ತಾನೆ, ಎಫ್‌ಐಆರ್‌ನಲ್ಲಿ ನಡುವಿನ ಒಂದು ‘ಎ’ ಕಳೆದುಕೊಳ್ಳುತ್ತಾನೆ. ಕನಿಷ್ಠ ಮೂರು ಅಕ್ಷರ ಕೊಟ್ಟರೆ ಹುಡುಕುತ್ತದೆ, ಆದ್ದರಿಂದ ಇಡೀ ಹೆಸರಿನ ಬದಲು ಮೊದಲ ನಾಲ್ಕು ಅಕ್ಷರ ಹಾಕಿ ಪಟ್ಟಿ ಓದುವುದೇ ಮೇಲು. ಹೆಸರು ಸಿಕ್ಕಿತೆಂದು ತೀರ್ಪು ಕೊಡಬೇಡಿ. ಊರಿಗೆ ಹತ್ತು ಬಸವರಾಜರಿದ್ದಾರೆ, ತಂದೆಯ ಹೆಸರು, ವಯಸ್ಸು, ಊರು ತಾಳೆಯಾಗಬೇಕು. ಇನ್ನು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆ, ನಿಜ. ಅದು ಪೊಲೀಸರಿಗೆ ಮಾತ್ರ. ಅದನ್ನು ತೆಗೆಸಿ ಕೊಡುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ.

ಇಷ್ಟೆಲ್ಲಕ್ಕಿಂತ ಹೆಚ್ಚು ಮಾಹಿತಿ ಕೊಡುವುದು ಹತ್ತು ನಿಮಿಷದ ಒಂದು ಫೋನ್ ಕರೆ, ಅದನ್ನೇ ಯಾರೂ ಮಾಡುವುದಿಲ್ಲ. ಅರ್ಜಿದಾರ ಕೊಟ್ಟ ಮೊಬೈಲ್ ನಂಬರಿಗೆ ಮಾಡಿದರೆ ಅವನ ಗೆಳೆಯ ಎತ್ತುತ್ತಾನೆ. ಶಾಲೆಯ ಕಚೇರಿ ನಂಬರ್ ನೀವೇ ಹುಡುಕಿ, ಮುಖ್ಯಶಿಕ್ಷಕರನ್ನೇ ಕೇಳಿ. ಎಂದಿನಿಂದ ಎಂದಿನವರೆಗೆ ಇದ್ದರು? ಯಾವ ವಯಸ್ಸಿನ ಮಕ್ಕಳಿಗೆ ಕಲಿಸಿದರು? ಪಾಲಕರಿಂದ ಏನಾದರೂ ದೂರು ಬಂದಿತ್ತೆ? ಕೊನೆಗೆ, ‘ನಾಳೆ ಅವರು ಮತ್ತೆ ಬಂದರೆ ಮಕ್ಕಳ ಜೊತೆ ಕೆಲಸಕ್ಕೆ ತಗೊಳ್ತೀರಾ?’ ‘ಒಳ್ಳೇ ಹುಡುಗರೀ, ಆಟ ಚಲೋ’ ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ, ಇನ್ನೊಮ್ಮೆ ಕೇಳಿ. ಆ ಕಡೆಯವರು ತಡವರಿಸಿದರೆ ದಿನಾಂಕ ಸಹಿತ ಬರೆದಿಟ್ಟು, ಇನ್ನೆರಡು ಜಾಗಕ್ಕೆ ಫೋನ್ ಮಾಡಿ. ಫಾರ್ಮ್‌ನಲ್ಲಿ ಹೇಳದ ಒಂದೆರಡು ವರ್ಷಗಳ ಖಾಲಿ ಅವಧಿ ಇದ್ದರೆ ಅದನ್ನು ಅರ್ಜಿದಾರನನ್ನೇ ನೇರವಾಗಿ ಕೇಳಿ.

ಕೇಸು ಇರುವವರೆಲ್ಲ ಅನರ್ಹರೇನಲ್ಲ. ಬದುವಿನ ಜಗಳದ ಕೇಸಿಗೂ ಖೋಖೋ ಕಲಿಸುವುದಕ್ಕೂ ಸಂಬಂಧವಿಲ್ಲ. ಮಕ್ಕಳ ಅಥವಾ ಹೆಣ್ಣುಮಕ್ಕಳ ಮೇಲಿನ ಅಪರಾಧದ ಪ್ರಕರಣ ಇತ್ಯರ್ಥವಾಗದೆ ಇದ್ದರೆ ಮಾತ್ರ, ಅದು ಮುಗಿಯುವವರೆಗೆ ಮೈದಾನದಿಂದ ದೂರ. ಸ್ಕೋರ್ ಬರೆಯುವ ಕೆಲಸವೂ ಬೇಡ. ‘ನಿಯತವಾಗಿ’ ಎಂಬುದಕ್ಕೆ ನಿಯಮದಲ್ಲಿ ಅಂಕಿ ಇಲ್ಲ. ಎರಡು ವರ್ಷಕ್ಕೊಮ್ಮೆ ಪೊಲೀಸ್ ಪರಿಶೀಲನೆ, ಪ್ರತಿ ವರ್ಷ ಸ್ವಯಂ ಘೋಷಣೆ ಇಟ್ಟುಕೊಂಡರೆ ಸಣ್ಣ ಕ್ಲಬ್ಬಿಗೂ ಭಾರವಾಗದು.

ಕಾಗದ ಸರಿಯಿದ್ದವರೂ ಮೊದಲ ಮೂರು ತಿಂಗಳು ಇನ್ನೊಬ್ಬರ ಕಣ್ಣಳತೆಯಲ್ಲಿರಲಿ. ಆ ಬೆಳಗಿನ ಐದೂವರೆಗೆ ಮೊದಲ ಮಗು ಬರುವ ಮುಂಚೆ ಇಬ್ಬರು ದೊಡ್ಡವರು ಹಾಜರಿರಬೇಕು, ಕೊನೆಯ ಮಗು ಹೋಗುವತನಕ ಇಬ್ಬರೂ ಇರಬೇಕು. ವಿಭಾಗ ಮಟ್ಟಕ್ಕೆ ಕಲಬುರಗಿಗೆ ಹೋಗಿ ರಾತ್ರಿ ಉಳಿದಾಗ ಮಕ್ಕಳ ಕೋಣೆಯಲ್ಲಿ ಕೋಚ್ ಮಲಗುವಂತಿಲ್ಲ. ಹುಡುಗಿಯರ ತಂಡವಿದ್ದರೆ ಮಹಿಳೆಯೊಬ್ಬರು ಜೊತೆಗಿರಲೇಬೇಕು. ಸಂದೇಶವೆಲ್ಲ ಪಾಲಕರಿರುವ ವಾಟ್ಸ್ಆ್ಯಪ್ ಗುಂಪಿನಲ್ಲೇ.

ದೂರು ಬಂದಾಗ ಹಲವು ಸಮಿತಿಗಳು ಒಳಗೇ ಪಂಚಾಯ್ತಿ ನಡೆಸಿ, ರಾಜೀನಾಮೆ ಬರೆಸಿಕೊಂಡು ಕಳಿಸುತ್ತವೆ. ಆತ ಮರುತಿಂಗಳು ಪಕ್ಕದ ತಾಲ್ಲೂಕಿನಲ್ಲಿ ಸೀಟಿ ಊದುತ್ತಿರುತ್ತಾನೆ, ಸರ್ಟಿಫಿಕೇಟ್ ಇನ್ನೂ ಸ್ವಚ್ಛ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಂ ಅಡಿ ಆರು ತಿಂಗಳವರೆಗೆ, ಮುಚ್ಚಿಟ್ಟವರು ಸಂಸ್ಥೆಯ ಮುಖ್ಯಸ್ಥರಾಗಿದ್ದು ಅಪರಾಧ ಮಾಡಿದವ ಅವರ ಕೈಕೆಳಗಿನವನಾಗಿದ್ದರೆ ಒಂದು ವರ್ಷದವರೆಗೆ ಸಜೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಎರಡೂ ನಂಬರನ್ನು ಕಿಟ್ ಇಡುವ ಕೋಣೆಯ ಬಾಗಿಲ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.